ಕಾರ್ಖಾನೆಯಿಂದ ಉರುಳಿ ಬಂದ ಹೋಟೆಲು

ಅಮೆರಿಕದ ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್ ರಾಜ್ಯಗಳ ಕಡೆ ರಸ್ತೆ ಬದಿಯಲ್ಲಿ ರೈಲು ಬೋಗಿಯಂಥ ಹೋಟೆಲು ಕಂಡರೆ ಅದು ಡೈನರ್. ಹಳೇ ಬೋಗಿಯನ್ನೇ ಹೋಟೆಲು ಮಾಡಿದ್ದಾರೆ ಅಂತ ಬಹಳ ಜನ ನಂಬಿದ್ದಾರೆ. ಹಾಗೆ ಮಾರ್ಪಟ್ಟ ಕೆಲವು ಟ್ರಾಮುಗಳಿದ್ದದ್ದು ನಿಜ. ಉಳಿದ ಬಹುಪಾಲು ಡೈನರ್‌ಗಳು ಹೋಟೆಲಾಗಲೆಂದೇ ಕಾರ್ಖಾನೆಯಲ್ಲಿ ಹುಟ್ಟಿ, ಕೌಂಟರು, ಸ್ಟೂಲುಗಳ ಸಮೇತ ಊರೂರಿಗೆ ಸಾಗಿದಂಥವು.

ಇವುಗಳ ಮೂಲ ಒಂದು ಕುದುರೆಗಾಡಿ. 1872ರಲ್ಲಿ ರೋಡ್ ಐಲೆಂಡಿನ ಪ್ರಾವಿಡೆನ್ಸ್‌ನ ಪತ್ರಿಕಾ ಕಚೇರಿಯೆದುರು ವಾಲ್ಟರ್ ಸ್ಕಾಟ್ ಎಂಬಾತ ರಾತ್ರಿಪಾಳಿಯವರಿಗೆ ಗಾಡಿಯಿಂದ ಊಟ ಮಾರತೊಡಗಿದ. ಮ್ಯಾಸಚೂಸೆಟ್ಸಿನ ವೂಸ್ಟರ್ ಊರಿನಲ್ಲಿ 1906ರಲ್ಲಿ ಶುರುವಾದ ವೂಸ್ಟರ್ ಲಂಚ್ ಕಾರ್ ಕಂಪನಿ (ಊರಿನ ಹೆಸರು ಬರೆಯುವುದು ಹೇಗೇ ಇರಲಿ, ಅಲ್ಲಿಯವರ ಬಾಯಲ್ಲಿ ವೂಸ್ಟರ್) ಸುಮಾರು ಅರ್ಧ ಶತಮಾನದಲ್ಲಿ 651 ಡೈನರ್ ಕಟ್ಟಿತು. ಪ್ರತಿ ಡೈನರಿಗೂ ಒಂದು ಕ್ರಮಸಂಖ್ಯೆ, ಎಣಿಕೆ ಮಾತ್ರ ಒಂದರಿಂದಲ್ಲ, 200ರಿಂದ ಶುರು. ಕಾರ್ಖಾನೆಯ ಎದುರಿಗೇ ಇರುವ 'ಮಿಸ್ ವೂಸ್ಟರ್' 1948ರದು, ಸಂಖ್ಯೆ 812.

ರಸ್ತೆಯಲ್ಲಿ ಸಾಗಿಸಬೇಕಿದ್ದರಿಂದ ಅಗಲ ಹತ್ತಡಿಯ ಆಸುಪಾಸು. ಅದಕ್ಕೇ ಒಲೆ ಕೌಂಟರಿನ ಹಿಂದೆ, ಗಿರಾಕಿಯ ಕಣ್ಣೆದುರಿಗೇ. ಹೆಂಗಸರೂ ಬರಲಿ ಎಂದು 1920ರ ದಶಕದಲ್ಲಿ ಎದುರುಬದುರು ಕೂರುವ ಬೂತ್‌ಗಳು ಸೇರಿದವು. ಅಡುಗೆಮನೆ ಹಿಂಭಾಗಕ್ಕೆ ಸರಿದದ್ದು ಆಮೇಲೆ.

ವೂಸ್ಟರ್ ಡೈನರ್‌ನ ನಿಜವಾದ ಚೆಲುವು ಹೊರಗೋಡೆಯಲ್ಲಿದೆ. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿ ಲೇಪಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್‌ನ ಕುಲುಮೆಯಲ್ಲಿ ಸುಟ್ಟ ಪೋರ್ಸಲಿನ್ ಹಲಗೆಗಳವು. ಹೋಟೆಲಿನ ಹೆಸರನ್ನೂ ಹಾಗೇ ಸುಟ್ಟು ಬರೆದಿದ್ದರಿಂದ ಎಂಬತ್ತು ವರ್ಷದ ಬಿಸಿಲಿಗೂ ಬಣ್ಣ ಮಾಸಿಲ್ಲ. ಹೆಸರು ಬದಲಿಸಬೇಕಾದರೆ ಹಲಗೆಯನ್ನೇ ತೆಗೆಯಬೇಕು. ಇದನ್ನು ಕೆಡಿಸುವುದು ಪೆಟ್ಟು ಮತ್ತು ಡ್ರಿಲ್. ಹೊಸ ಬೋರ್ಡಿಗೆಂದು ಒಂದು ಸ್ಕ್ರೂ ಕೊರೆದರೂ ಗಾಜು ಸೀಳುತ್ತದೆ. ನೀರು ಉಕ್ಕಿಗೆ ತಾಗಿ ತುಕ್ಕು ಅಡಿಯಲ್ಲೇ ಹರಡಿ, ಮೇಲಿನ ಪದರ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮೇಲೆ ಪೇಂಟು ಬಳಿದರೆ ಆ ಹೊಳಪು ಬರದು, ಬಾಳಿಕೆಯೂ ಇಲ್ಲ.

ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಬೀಳದು. ತಗಡಿನ ಹಿಂದಿರುವುದು ಮರದ ಚೌಕಟ್ಟು. ಕಮಾನು ಚಾವಣಿಯ ಅಂಚಿನಲ್ಲಿ ಸೋರಿದ ನೀರು ಗೋಡೆಯೊಳಗೇ ಇಳಿದು ತಳದ ತೊಲೆಯನ್ನು ಕೊಳೆಸುತ್ತದೆ. ಬಾಗಿಲು ಹಿಡಿಯತೊಡಗಿದರೆ, ನೆಲ ಒಂದು ಕಡೆ ವಾಲಿದರೆ, ಹಲಗೆಯ ಕೆಳಗಂಚು ಉಬ್ಬಿದರೆ ಮೊದಲು ಅಲ್ಲಿ ನೋಡಬೇಕು. ಕೊಳೆತ ತೊಲೆಯನ್ನು ಭದ್ರಪಡಿಸದೆ ಡೈನರ್ ಎತ್ತಿದರೆ ನಡು ಮುರಿದೀತು.

ಎರಡನೇ ಮಹಾಯುದ್ಧದ ನಂತರ ಹೊಳೆಯುವ ಸ್ಟೇನ್‌ಲೆಸ್ ಡೈನರ್‌ಗಳ ಕಾಲ. ನ್ಯೂಜೆರ್ಸಿಯ ಕಾರ್ಖಾನೆಗಳು ಅದರಲ್ಲಿ ಮುಂದು. ಅವನ್ನು ಕಬ್ಬಿಣದ ನಾರಿನಿಂದ ಉಜ್ಜಲೇಬಾರದು. ಗೀರಿನಲ್ಲಿ ಉಳಿದ ಕಬ್ಬಿಣದ ಕಣಗಳೇ ತುಕ್ಕು ಹಿಡಿಯುತ್ತವೆ. ಮೆತ್ತನೆ ಬಟ್ಟೆ, ಸೋಪುನೀರು ಸಾಕು.

ಒಂದನ್ನೇ ನೋಡಲು ಬಿಡುವಿದ್ದರೆ ರೋಡ್ ಐಲೆಂಡಿನ ಪಾಟಕೆಟ್‌ನ ಮಾಡರ್ನ್ ಡೈನರ್‌ಗೆ ಹೋಗಿ. ರೈಲು ಇಂಜಿನಿನಂತೆ ಮೂತಿ ಚಾಚಿದ, ಸ್ಟರ್ಲಿಂಗ್ ಸ್ಟ್ರೀಮ್‌ಲೈನರ್ ಎಂಬ ಮಾದರಿಯ ಡೈನರ್ ಅದು. 1978ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದ ಮೊದಲ ಡೈನರ್. ಡೈನರ್‌ಗಳಲ್ಲಿ ಆಲೂಗಡ್ಡೆ ಹುರಿಯುವುದೂ ಸಾಮಾನ್ಯವಾಗಿ ಬೇಕನ್ (ಹಂದಿಮಾಂಸ) ಬೇಯುವ ಕಾವಲಿಯ ಮೇಲೇ, ಸಸ್ಯಾಹಾರಿಗಳು ಕೇಳಿಯೇ ತರಿಸಿಕೊಳ್ಳಿ.