ಸಕ್ಕರೆ ಮುದ್ದೆಯಾದರೆ ಬಸಿರು ಅಂತಲ್ಲ

12 ಮಾರ್ಚ್ 2024, ಮಂಗಳವಾರ

ಮಧ್ಯಾಹ್ನ ಅಕ್ಕನ ಮಗಳ ಫೋನ್ ಬಂತು. ಮುಟ್ಟು ಒಂದು ವಾರದ ಹತ್ತಿರ ತಡವಾಗಿದೆ. "ಚಿಕ್ಕಮ್ಮಾ, ಸಕ್ಕರೆ ಹಾಕಿ ನೋಡಿದೆ, ಮುದ್ದೆಯಾಯ್ತು. ಟೂತ್‌ಪೇಸ್ಟ್ ಹಾಕಿ ನೋಡಿದೆ, ನೊರೆ ಬರಲೇ ಇಲ್ಲ. ಯಾವುದನ್ನ ನಂಬಲಿ?" ಅಂತ ಕೇಳಿದಳು. ಮೂತ್ರಕ್ಕೆ ಸಕ್ಕರೆ ಹಾಕಿದಾಗ ಮುದ್ದೆಯಾದರೆ ಬಸಿರು, ಟೂತ್‌ಪೇಸ್ಟ್ ಹಾಕಿದಾಗ ನೊರೆ ಬಂದರೆ ಬಸಿರು ಅಂತ ಜನ ಹೇಳುವ ಮನೆಯ ಪರೀಕ್ಷೆಗಳಿವು. ಎರಡನ್ನೂ ನಂಬಬೇಡ ಅಂದೆ. ಅವಳಂತೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಒಬ್ಬಳೇ ಬಟ್ಟಲು ನೋಡುತ್ತಾ ನಿಂತವರು ಎಷ್ಟು ಜನ ಇರಬಹುದು! ಅವಳಿಗೆ ಹೇಳಿದ್ದನ್ನು ಇಲ್ಲಿಯೂ ಬರೆದಿಡುತ್ತೇನೆ.

ಬಸಿರಾದರೆ ಮೂತ್ರದಲ್ಲಿ ಹೊಸದಾಗಿ ಬರುವುದು ಎಚ್‌ಸಿಜಿ ಅನ್ನುವ ಹಾರ್ಮೋನು. ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಂಡ ಮೇಲೆ, ಮುಂದೆ ಮಾಸು ಆಗುವ ಜೀವಕೋಶಗಳು ಇದನ್ನು ತಯಾರಿಸುತ್ತವೆ. ಅಂಡ ಬಿಡುಗಡೆಯಾಗಿ ಅಂಟಿಕೊಳ್ಳುವುದಕ್ಕೇ ಸುಮಾರು 6ರಿಂದ 12 ದಿನ ಬೇಕು. ಆಮೇಲೆ ಮೊದಲ ವಾರಗಳಲ್ಲಿ ಅದರ ಪ್ರಮಾಣ ಎರಡು ಮೂರು ದಿನಕ್ಕೊಮ್ಮೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಅಂಗಡಿಯಲ್ಲಿ ಸಿಗುವ ಬಸಿರು ಪರೀಕ್ಷೆಯ ಕಿಟ್‌ನ ಪಟ್ಟಿಯಲ್ಲಿ ಈ ಹಾರ್ಮೋನನ್ನೇ ಹಿಡಿಯುವ ಪ್ರತಿಕಾಯಗಳಿರುತ್ತವೆ. ಹಾರ್ಮೋನು ಸಿಕ್ಕರೆ ಎರಡನೇ ಗೆರೆ ಮೂಡುತ್ತದೆ. ಸಕ್ಕರೆಯಲ್ಲಿ, ಉಪ್ಪಿನಲ್ಲಿ, ಸೋಪಿನಲ್ಲಿ ಅದನ್ನು ಗುರುತಿಸುವಂಥದ್ದು ಏನೂ ಇಲ್ಲ.

ಹಾಗಾದರೆ ನೊರೆ ಬರುವುದು ಯಾಕೆ? ಮೂತ್ರದ ಹುಳಿಯಿಂದ. ಅಡುಗೆ ಸೋಡಾಕ್ಕೆ ಹುಳಿ ಸೋಕಿದರೆ ಬುಸ್ಸೆನ್ನುತ್ತದೆ. ಎಷ್ಟೋ ಟೂತ್‌ಪೇಸ್ಟ್‌ಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಹಾಗೆಯೇ. ಮೂತ್ರದ ಹುಳಿ ನಾವು ತಿಂದದ್ದರ ಮೇಲೆ, ಕುಡಿದ ನೀರಿನ ಮೇಲೆ ದಿನದಿನಕ್ಕೂ ಬದಲಾಗುತ್ತದೆ. ಗಂಡಸಿನ ಮೂತ್ರ ಹಾಕಿದರೂ ನೊರೆ ಬರಬಹುದು. ಸಕ್ಕರೆ ಕರಗಲಿಲ್ಲ ಅಂದರೆ ಸಕ್ಕರೆ ಜಾಸ್ತಿಯಾಯ್ತು, ಅಥವಾ ಸರಿಯಾಗಿ ಕಲಸಲಿಲ್ಲ ಅಂತ, ಅಷ್ಟೇ.

ಮೂತ್ರಕ್ಕೆ ಬ್ಲೀಚ್ ಹಾಕಿ ನೊರೆ ನೋಡುವ ಪರೀಕ್ಷೆಯ ಬಗ್ಗೆ ಮಾತ್ರ ನನಗೆ ನಿಜವಾಗಿಯೂ ಭಯ. ಬ್ಲೀಚ್ ಮೂತ್ರದ ಜೊತೆ ಸೇರಿದರೆ ಕ್ಲೋರಮೀನ್ ಅನಿಲ ಏಳುತ್ತದೆ. ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಉಸಿರಾಟಕ್ಕೆ ತೊಂದರೆಯಾಗುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಂತೂ ಇದನ್ನು ಮಾಡಲೇಬಾರದು.

"ಕಿಟ್ ಇಲ್ಲದ ಕಾಲದಲ್ಲಿ ಏನು ಮಾಡ್ತಿದ್ರು?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. 1930ರ ದಶಕದಿಂದ ಕೆಲವು ದಶಕಗಳ ಕಾಲ ಹೆಂಗಸಿನ ಮೂತ್ರವನ್ನು ಆಫ್ರಿಕಾದ ಒಂದು ಜಾತಿಯ ಹೆಣ್ಣುಕಪ್ಪೆಗೆ ಚುಚ್ಚುತ್ತಿದ್ದರು. ಅವಳು ಬಸಿರಾಗಿದ್ದರೆ ಕಪ್ಪೆ ಒಂದು ದಿನದೊಳಗೆ ಮೊಟ್ಟೆಯಿಡುತ್ತಿತ್ತು. ಕೇಳೋಕೆ ವಿಚಿತ್ರ. ಆದರೂ ಅದು ನಂಬುವಂಥ ಪರೀಕ್ಷೆಯೇ ಆಗಿತ್ತು, ಯಾಕೆಂದರೆ ಕಪ್ಪೆಯ ದೇಹ ಅದೇ ಎಚ್‌ಸಿಜಿಗೆ ಸ್ಪಂದಿಸುತ್ತಿತ್ತು.

ಅವಳು ಕಿಟ್ ತರದೇ ಇದ್ದದ್ದಕ್ಕೆ ಕಾರಣ ಮುಜುಗರ. ಅಂಗಡಿಯಲ್ಲಿ ಕೇಳೋಕೆ ನಾಚಿಕೆ, ಯಾರಾದರೂ ನೋಡಿದರೆ ಅನ್ನುವ ಭಯ. ಇದನ್ನು ನಾನು ಹಗುರವಾಗಿ ನೋಡಲಾರೆ. ಆದರೆ ಈ ಮುಜುಗರದಲ್ಲಿ ದಿನಗಳು ಕಳೆದುಹೋಗುತ್ತವಲ್ಲ, ಸಂಕಟ ಅಲ್ಲಿದೆ. ಬಸಿರಿಲ್ಲ ಅಂದುಕೊಂಡು ಬಸುರಿಯರಿಗೆ ಆಗದ ಮಾತ್ರೆ ನುಂಗಬಹುದು. ಬಸಿರು ಬೇಕೆಂದೇ ಕಾಯುತ್ತಿದ್ದವಳು ಫೋಲಿಕ್ ಆಮ್ಲ ಶುರು ಮಾಡುವುದು ತಡವಾಗಬಹುದು. ಬೇಡ ಅನ್ನುವವಳಿಗೂ ಒಂದೊಂದು ವಾರವೂ ಮುಖ್ಯ. ಸುಮ್ನೆ ಯಾರನ್ನಾದರೂ ಕಳಿಸಿ ತರಿಸಿಕೋ, ಇಲ್ಲವೇ ನಾನೇ ತಂದುಕೊಡ್ತೀನಿ ಅಂದೆ.

ಕಿಟ್ ಬಳಸುವುದಕ್ಕೂ ಒಂದು ಕ್ರಮ ಇದೆ. ಬೆಳಗಿನ ಮೊದಲ ಮೂತ್ರ ಒಳ್ಳೆಯದು, ಹಾರ್ಮೋನು ಅದರಲ್ಲಿ ಗಾಢವಾಗಿರುತ್ತದೆ. ಕಿಟ್ ಸರಿಯಾಗಿ ಕೆಲಸ ಮಾಡಿದೆ ಅಂತ ತೋರಿಸುವ ಕಂಟ್ರೋಲ್ ಗೆರೆ ಮೂಡದಿದ್ದರೆ ಆ ಕಿಟ್ ಲೆಕ್ಕಕ್ಕಿಲ್ಲ. ಪೊಟ್ಟಣದ ಮೇಲೆ ಹೇಳಿದ ನಿಮಿಷಗಳೊಳಗೇ ಓದಬೇಕು. ಬಿಸಾಡಿದ್ದನ್ನು ಸಂಜೆ ಮತ್ತೆ ಎತ್ತಿ ನೋಡಿದರೆ ಮೂತ್ರ ಒಣಗಿ ಉಳಿದ ಮಸುಕು ಗೆರೆ ಕಂಡು ಎದೆ ಧಸಕ್ಕೆನ್ನುತ್ತದೆ. ಸಮಯದೊಳಗೆ ಬಣ್ಣದ ಗೆರೆ ಬಂದರೆ, ತೆಳುವಾಗಿದ್ದರೂ, ಬಸಿರು ಅಂತಲೇ ಹಿಡಿದು ಡಾಕ್ಟರ ಹತ್ತಿರ ಹೋಗಬೇಕು. ಒಂದೇ ಗೆರೆ ಬಂದು, ಮುಟ್ಟೂ ಬಾರದಿದ್ದರೆ ಕೆಲವು ದಿನ ಬಿಟ್ಟು ಇನ್ನೊಮ್ಮೆ ನೋಡಬೇಕು. ಅಂಡ ತಡವಾಗಿ ಬಿಡುಗಡೆಯಾಗಿದ್ದರೆ ಹಾರ್ಮೋನು ಇನ್ನೂ ಸಾಕಷ್ಟು ಬಂದಿರುವುದಿಲ್ಲ.

ಬಸಿರಲ್ಲದೆಯೂ ಮುಟ್ಟು ತಡವಾಗುತ್ತದೆ, ಅಲ್ವಾ? ಥೈರಾಯ್ಡ್, ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ), ಒತ್ತಡ, ತೂಕದ ಏರುಪೇರು, ತುರ್ತು ಗರ್ಭನಿರೋಧಕ ಮಾತ್ರೆ. ಅವಳಿಗೆ ಈ ತಿಂಗಳು ಪರೀಕ್ಷೆಗಳಿದ್ದವು, ನಿದ್ದೆಯೂ ಇರಲಿಲ್ಲ. ಹಾಗಂತ ಅದೇ ಕಾರಣ ಅಂತ ಊಹಿಸಿ ಕೂರುವುದು ಬೇಡ.

ನಾಳೆ ಬೆಳಗ್ಗೆ ಕಿಟ್‌ನಲ್ಲಿ ನೋಡಿ ಫೋನ್ ಮಾಡುತ್ತಾಳೆ. ಒಂದೇ ಗೆರೆ ಬಂದರೆ ಮುಂದಿನ ವಾರ ಇನ್ನೊಮ್ಮೆ. ಆಗಲೂ ಅನುಮಾನ ಉಳಿದರೆ ರಕ್ತ ಪರೀಕ್ಷೆಗೆ ಇಬ್ಬರೂ ಹೋಗುತ್ತೇವೆ. ಈ ನಡುವೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು, ರಕ್ತಸ್ರಾವ ಏನೇ ಕಂಡರೂ ನನಗಾಗಿ ಕಾಯದೆ ಸೀದಾ ಆಸ್ಪತ್ರೆಗೆ ಹೋಗು ಅಂದೆ. ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದ್ದರೆ ಜೀವಕ್ಕೇ ಅಪಾಯ. ಅದನ್ನು ಅವಳಿಂದ ಎರಡು ಸಲ ಹೇಳಿಸಿಕೊಂಡೆ.