ಅವ್ವನ ಕಿವಿ, ನನ್ನ ಮೀಟರು

"ಅಳ್ಳು ಸಿಡಿಯಾಕ ಹತ್ಯಾವಲ್ಲೋ, ಇನ್ನೂ ಆ ಡಬ್ಬಿ ಮಾರಿ ನೋಡ್ಕೋತ ಕುಂತೀಯಲ್ಲ!"

ಹಿತ್ತಲ ಕಟ್ಟೆಯ ಮೇಲೆ ಮೆಂತ್ಯೆಪಲ್ಲೆ ಸೋಸುತ್ತಿದ್ದ ಅವ್ವ ಕೂಗಿದಳು. ಪ್ರತಿವರ್ಷ ಪಂಚಮಿಗೆ ಜೋಳದ ಅಳ್ಳು ಹುರಿದು ಪಳಗಿದ ಕಿವಿ ಅದು. ನಾನು ತಿರುಗಿಸುತ್ತಿದ್ದ ಡ್ರಮ್ಮಿನೊಳಗೆ ಇದ್ದದ್ದು ಮಾತ್ರ ಚಿಕ್ಕಮಗಳೂರಿನಿಂದ ತರಿಸಿದ ಕಾಲು ಕಿಲೋ ಅರೇಬಿಕಾ ಕಾಫಿ ಬೀಜ. ಮೀಟರು 190 ಡಿಗ್ರಿ ಅನ್ನುತ್ತಿತ್ತು. ನನ್ನ ಲೆಕ್ಕದಲ್ಲಿ ಫಸ್ಟ್ ಕ್ರ್ಯಾಕ್, ಅಂದರೆ ಬೀಜ ಮೊದಲ ಸಲ ಚಟಚಟ ಸಿಡಿಯುವುದು, ಆಗಬೇಕಾದದ್ದು 196ಕ್ಕೆ.

ಮೊದಮೊದಲು ಸರಿಯಾಗಿ 196ಕ್ಕೇ ಸಿಡಿಯುತ್ತಿದ್ದವು. ಬರಬರುತ್ತ 194, 192, ಈಗ 190. ಅಂಕಿಯನ್ನೇ ನಂಬಿ 205ಕ್ಕೆ ಒಲೆಯಿಂದ ಇಳಿಸಿದರೆ ಬೀಜ ಬೇಕಾದ್ದಕ್ಕಿಂತ ಕಪ್ಪು, ಕುಡಿದರೆ ಬರೀ ಕಹಿ. ಬೀಜ ಕೊಟ್ಟವನನ್ನು ಬೈದೆ, ಧಾರವಾಡದ ಮಳೆಗಾಲದ ಥಂಡಿಯನ್ನೂ ಬೈದೆ. ಡ್ರಮ್ಮಿನೊಳಗಿನ ಶಾಖವನ್ನು ಮೀಟರಿಗೆ ತಿಳಿಸುವ ಕೆ ಟೈಪ್ ಥರ್ಮೋಕಪಲ್ ಹೊಸದಿದ್ದಾಗಲೂ ಎರಡು ಡಿಗ್ರಿ ಆಚೀಚೆ ತೋರಿಸಬಹುದು, ಅದು ಗೊತ್ತಿತ್ತು. ಆದರೆ ಆರು ಡಿಗ್ರಿ?

ಅವತ್ತು ಡ್ರಮ್ಮು ಆರಿದ ಮೇಲೆ ಆ ಥರ್ಮೋಕಪಲ್ಲಿನ ಪ್ರೋಬ್ ಹೊರಗೆಳೆದೆ. ಪೆನ್ನಿನ ರೀಫಿಲ್ಲಿನಷ್ಟು ದಪ್ಪದ ಸ್ಟೀಲ್ ಕಡ್ಡಿ. ತುದಿಯ ಎರಡು ಇಂಚು ಮಿರ್ಚಿ ಭಜಿ ಕರಿಯುವ ಬಾಣಲೆಯ ಅಂಚಿನ ಹಾಗಿತ್ತು. ಹೊಗೆಯ ಜಿಡ್ಡು, ಅದಕ್ಕೆ ಅಂಟಿದ ಹೊಟ್ಟು, ಮತ್ತೆ ಜಿಡ್ಡು, ಎಲ್ಲ ಸುಟ್ಟು ಅರಗಿನಂತೆ ಗಟ್ಟಿಯಾಗಿತ್ತು.

ತೊಳೆಯುವ ಮೊದಲು ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆ. 97.5ಕ್ಕೆ ನಿಂತುಬಿಟ್ಟಿತು. ನೂರು ಬರಬೇಕಲ್ಲ, ಸಿಕ್ಕಿತು ಕಳ್ಳ ಎಂದುಕೊಂಡೆ. ಆಮೇಲೆ ನೆನಪಾಯಿತು: ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗಿಂತ ಮೇಲಿದೆ, 300 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ನೀರು ಬೇಗ ಕುದಿಯುತ್ತದೆ. ಅಂದರೆ ಮೀಟರು ಸರಿಯಾಗೇ ಇತ್ತು. ಐಸ್ ನೀರಿನಲ್ಲೂ ಸೊನ್ನೆ. ನನಗೆ ತಲೆಕೆಟ್ಟಿತು.

ಎರಡನೇ ಸಲ ಅದ್ದುವಾಗ ಗಡಿಯಾರ ನೋಡಿದೆ. 97 ಮುಟ್ಟಲು ಒಂದು ನಿಮಿಷದ ಮೇಲೆ ಬೇಕಾಯಿತು! ನೀರಿನ ಶಾಖ ನಿಂತಲ್ಲೇ ಇರುತ್ತದೆ, ಪ್ರೋಬ್ ನಿಧಾನಕ್ಕಾದರೂ ಬಂದು ಮುಟ್ಟುತ್ತದೆ. ಬೀಜ ಹಾಗಲ್ಲ, ಆ ಹೊತ್ತಿಗೆ ನಿಮಿಷಕ್ಕೆ ಹನ್ನೆರಡು ಡಿಗ್ರಿ ಏರುತ್ತಿರುತ್ತದೆ. ಪ್ರೋಬ್ ಅರ್ಧ ನಿಮಿಷ ಹಿಂದೆ ಬಿದ್ದರೆ ಆರು ಡಿಗ್ರಿ ಹೋಯಿತು.

ಚಾಕುವಿನಿಂದ ಕೆರೆಯಲು ಹೊರಟವನ ಕೈಯಿಂದ ಅವ್ವ ಚಾಕು ಕಸಿದುಕೊಂಡಳು. "ಬಾಣಲಿ ಕೆರೀತಾರೇನು? ಸೋಡಾದಾಗ ನೆನಿ ಇಡು." ಬಿಸಿನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ, ವೈರು ಸೇರುವ ಜಾಗ ನೆನೆಯದಂತೆ ತುದಿಯನ್ನಷ್ಟೇ ಅರ್ಧ ತಾಸು ಇಟ್ಟೆ. ನೀರು ಚಹಾದ ಬಣ್ಣಕ್ಕೆ ತಿರುಗಿತು. ಹಳೆಯ ಟೂತ್‌ಬ್ರಶ್‌ನಿಂದ ತಿಕ್ಕಿ, ತೊಳೆದು, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿಸಿದೆ. ಮತ್ತೆ ಕುದಿಯುವ ನೀರಿಗೆ ಅದ್ದಿದರೆ 97ಕ್ಕೆ ಹತ್ತು ಸೆಕೆಂಡೂ ಹಿಡಿಯಲಿಲ್ಲ.

ಸಂಜೆ ಇನ್ನೊಂದು ಕಾಲು ಕಿಲೋ ಹಾಕಿದೆ. ಅವ್ವ ಒಳಗೆ ಚಹಾಕ್ಕೆ ಇಟ್ಟಿದ್ದಳು, ನನ್ನ ಕಾಫಿ ಆಕೆ ಮುಟ್ಟುವುದಿಲ್ಲ. "ಸಿಡೀತ ನೋಡ" ಎಂದಳು ಅಲ್ಲಿಂದಲೇ. ಮೀಟರು ನೋಡಿದೆ, 195.