ಖಿನ್ನತೆಯ ಮಾತ್ರೆ ಶುರು ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆ

ಬೆಂಗಳೂರಿನಲ್ಲಿ ಖಿನ್ನತೆ ಬಂದವರಲ್ಲಿ ಹೆಚ್ಚಿನವರು ಮೊದಲು ಮನೋವೈದ್ಯರ ಹತ್ತಿರ ಹೋಗುವುದಿಲ್ಲ. ನಿದ್ದೆ ಬರುತ್ತಿಲ್ಲ, ಎದೆ ಭಾರ, ಹೊಟ್ಟೆಯಲ್ಲಿ ಗ್ಯಾಸು, ಮೈಯೆಲ್ಲ ಸುಸ್ತು ಎಂದು ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತಾರೆ. ಇಸಿಜಿ ಆಗುತ್ತದೆ, ಎಂಡೋಸ್ಕೋಪಿ ಆಗುತ್ತದೆ, ಎಲ್ಲವೂ ನಾರ್ಮಲ್. ಕೊನೆಗೆ ‘ಸ್ವಲ್ಪ ಟೆನ್ಶನ್ ಇರಬೇಕು’ ಎಂದು ಯಾರಾದರೂ ಎಸ್ಸಿಟಾಲೊಪ್ರಾಂ 10 ಮಿಲಿಗ್ರಾಂ ಬರೆದುಕೊಡುತ್ತಾರೆ. ಬಹಳ ಜನಕ್ಕೆ ಅದು ಸರಿಯಾದ ಮಾತ್ರೆಯೇ. ಆದರೆ ಅದಕ್ಕೂ ಮುಂಚೆ ಕೇಳಲೇಬೇಕಾದ ಪ್ರಶ್ನೆಯೊಂದು ಎಷ್ಟೋ ಸಲ ಕೇಳದೆ ಉಳಿದುಬಿಡುತ್ತದೆ: ಹಿಂದೆ ಯಾವಾಗಲಾದರೂ ಇದಕ್ಕೆ ಪೂರಾ ಉಲ್ಟಾ ಇದ್ದ ದಿನಗಳು ಬಂದಿದ್ದವಾ?

ಬೇಜಾರು ಎಲ್ಲರಿಗೂ ಆಗುತ್ತದೆ, ಹಿಗ್ಗೂ ಆಗುತ್ತದೆ. ಮೂಡಿನ ಕಾಯಿಲೆಯನ್ನು ಗುರುತಿಸಲು ಅದು ಎಷ್ಟು ದಿನ ಇತ್ತು, ಜೊತೆಗೆ ಏನೇನು ಬದಲಾಯಿತು, ಕೆಲಸ ಸಂಸಾರ ಎಷ್ಟು ಕೆಟ್ಟಿತು ಎನ್ನುವುದನ್ನು ನೋಡಬೇಕು. ಖಿನ್ನತೆ ಎನ್ನಲು ಕನಿಷ್ಠ ಎರಡು ವಾರ, ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ ಈ ಒಂಬತ್ತರಲ್ಲಿ ಐದಾದರೂ ಇರಬೇಕು: ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಕೆಡುವುದು, ಹಸಿವು ಅಥವಾ ತೂಕ ಏರುಪೇರಾಗುವುದು, ಸುಸ್ತು, ಮಾತು-ನಡೆ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ‘ನಾನು ಯಾತಕ್ಕೂ ಬಾರದವನು’ ಎನ್ನುವ ಭಾವನೆ, ಗಮನ ನಿಲ್ಲದಿರುವುದು, ಸಾವಿನ ಯೋಚನೆ. ಮೊದಲ ಎರಡರಲ್ಲಿ ಒಂದಾದರೂ ಇರಲೇಬೇಕು. ಎರಡನೆಯದನ್ನು ನಮ್ಮಲ್ಲಿ ಗಮನಿಸುವುದೇ ಕಡಿಮೆ. ‘ನಂಗೇನೂ ದುಃಖ ಇಲ್ಲ, ಆದ್ರೆ ಏನೂ ಬೇಡ ಅನ್ಸುತ್ತೆ’ ಎನ್ನುವವರಿಗೂ ಖಿನ್ನತೆಯೇ ಇರಬಹುದು, ಅವರು ಅತ್ತಿರದಿದ್ದರೂ.

ಇನ್ನು ಉಲ್ಟಾ ದಿನಗಳು. ಮನಸ್ಸು, ಹುರುಪು ಅತಿಯಾಗಿ ಏರಿದ ಸ್ಥಿತಿ ಏಳು ದಿನವಾದರೂ ನಡೆದು, ಬದುಕನ್ನೇ ಅಸ್ತವ್ಯಸ್ತ ಮಾಡಿದರೆ ಅದು ಉನ್ಮಾದ, ಡಾಕ್ಟರುಗಳ ಮಾತಲ್ಲಿ ಮೇನಿಯ. ನಾಲ್ಕು ದಿನವಾದರೂ ಇದ್ದು, ಬದಲಾವಣೆ ಬೇರೆಯವರ ಕಣ್ಣಿಗೆ ಬಿದ್ದರೂ ಕೆಲಸ ನಿಲ್ಲದಿದ್ದರೆ ಅದು ಹೈಪೊಮೇನಿಯ. ಇವುಗಳಲ್ಲಿ ಯಾವುದೇ ಒಂದು ಬಂದುಹೋಗಿದ್ದವರ ಖಿನ್ನತೆ ಬೈಪೋಲಾರ್ ಕಾಯಿಲೆಯ ಒಂದು ಮುಖ. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರು ಕೆಲವೇ ವಾರಗಳಲ್ಲಿ ಮೇಲಕ್ಕೆ ಹಾರುತ್ತಾರೆ. ಇನ್ನು ಕೆಲವರಲ್ಲಿ ಕಿರಿಕಿರಿ, ಚಡಪಡಿಕೆ, ನಿದ್ದೆಗೇಡಿತನ ಎಲ್ಲ ಒಟ್ಟಿಗೆ ಸೇರಿ ಆತ್ಮಹತ್ಯೆಯ ಅಪಾಯ ಹೆಚ್ಚುತ್ತದೆ. ಪ್ರಶ್ನೆ ಮುಖ್ಯವಾಗುವುದು ಇದಕ್ಕೇ.

ರೋಗಿಯನ್ನೇ ‘ನಿಮಗೆ ಮೇನಿಯ ಬಂದಿತ್ತಾ’ ಎಂದು ಕೇಳಿದರೆ ಪ್ರಯೋಜನವಿಲ್ಲ. ಆ ದಿನಗಳನ್ನು ಅವರು ಕಾಯಿಲೆ ಅಂದುಕೊಂಡಿರುವುದೇ ಇಲ್ಲ, ಜೀವನದ ಒಳ್ಳೆಯ ಕಾಲ ಅಂದುಕೊಂಡಿರುತ್ತಾರೆ. ಹೆಂಡತಿ, ಅಮ್ಮ, ಅಣ್ಣ, ರೂಮ್‌ಮೇಟ್, ಯಾರು ಜೊತೆಗಿದ್ದರೋ ಅವರನ್ನು ಕೇಳಬೇಕು. ಕೇಳುವ ರೀತಿಯೂ ಹೀಗಿರಬೇಕು: ‘ರಾತ್ರಿ ಮೂರೇ ಗಂಟೆ ಮಲಗಿದ್ರೂ ಬೆಳಿಗ್ಗೆ ಸುಸ್ತೇ ಇಲ್ಲದ ಹಾಗೆ ಓಡಾಡ್ತಿದ್ರಾ?’ ‘ಮಾತು ನಿಲ್ಲಿಸೋಕೇ ಆಗ್ತಿರಲಿಲ್ವಾ, ಒಂದು ವಿಷಯ ಮುಗಿಯೋ ಮೊದಲೇ ಇನ್ನೊಂದಕ್ಕೆ ಹೋಗ್ತಿದ್ರಾ?’ ‘ಮನೇಲಿ ಹೇಳ್ದೇ ಸೈಟಿಗೆ ಅಡ್ವಾನ್ಸ್ ಕೊಟ್ಟು ಬಂದಿದ್ರಾ? ಕ್ರೆಡಿಟ್ ಕಾರ್ಡು ಖಾಲಿ ಮಾಡಿದ್ರಾ? ಇದ್ದ ಕೆಲಸ ಬಿಟ್ಟು ದೊಡ್ಡ ಕಂಪನಿ ಕಟ್ತೀನಿ ಅಂತಿದ್ರಾ?’ ‘ಅಡ್ಡ ಬಂದವರ ಮೇಲೆ ರೇಗ್ತಿದ್ರಾ?’ ಇವುಗಳಲ್ಲಿ ನಿದ್ದೆಯ ಪ್ರಶ್ನೆಗೇ ನಮ್ಮ ಲೆಕ್ಕದಲ್ಲಿ ಬೆಲೆ ಹೆಚ್ಚು. ಖಿನ್ನತೆಯಲ್ಲಿ ಸಾಮಾನ್ಯವಾಗಿ ನಿದ್ದೆ ಬೇಕು, ಆದರೆ ಬರುವುದಿಲ್ಲ. ಮರುದಿನ ದೇಹ ಹಿಂಡಿಹೋಗಿರುತ್ತದೆ. ಉನ್ಮಾದದಲ್ಲಿ ನಿದ್ದೆಯೇ ಬೇಕೆನಿಸುವುದಿಲ್ಲ.

ಇನ್ನೂ ಕೆಲವು ಸುಳಿವುಗಳಿವೆ. ಮೊದಲ ಖಿನ್ನತೆ 25 ವರ್ಷದೊಳಗೇ ಬಂದಿರುವುದು, ರಕ್ತಸಂಬಂಧಿಗಳಲ್ಲಿ ಬೈಪೋಲಾರ್ ಇರುವುದು, ಖಿನ್ನತೆಯಲ್ಲಿ ಅತಿಯಾದ ನಿದ್ದೆ ಮತ್ತು ತಿನ್ನುವ ಚಪಲ, ಹೆರಿಗೆಯಾದ ಕೂಡಲೇ ಶುರುವಾದ ಕಾಯಿಲೆ, ಹಿಂದೆ ಖಿನ್ನತೆಯ ಮಾತ್ರೆ ತಗೊಂಡಾಗ ನಿದ್ದೆ ಹಾರಿಹೋಗಿ ಚಡಪಡಿಸಿದ್ದು. ಒಂದು ಸುಳಿವಿನಿಂದ ಏನೂ ತೀರ್ಮಾನ ಆಗುವುದಿಲ್ಲ, ಆದರೆ ಎರಡು ಮೂರು ಸೇರಿದರೆ ಮನೋವೈದ್ಯರನ್ನು ಕಾಣದೆ ಮಾತ್ರೆ ಶುರು ಮಾಡಬಾರದು.

ಕಾರಣ ಏನು ಎಂದು ಮನೆಯವರೆಲ್ಲ ಕೇಳುತ್ತಾರೆ. ಒಂದೇ ಕಾರಣ ಇರುವುದಿಲ್ಲ. ಬೈಪೋಲಾರ್‌ನಲ್ಲಿ ವಂಶದ ಪಾಲು ದೊಡ್ಡದು. ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗೆ ಬರುವ ಕಾಯಿಲೆ, ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಬರಬಹುದು. ಅಂದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಬರುವುದಿಲ್ಲ ಎನ್ನುವುದನ್ನೂ ಹೇಳಬೇಕು, ಮುಖ್ಯವಾಗಿ ಮದುವೆ ಮಾತುಕತೆ ನಡೆಯುತ್ತಿರುವ ಮನೆಗಳಲ್ಲಿ. ಖಿನ್ನತೆಯಲ್ಲಿ ವಂಶದ ಪಾಲು ಇಷ್ಟಿಲ್ಲ. ಬಾಲ್ಯದ ಹಿಂಸೆ, ಸಾವು-ನಷ್ಟ, ಸಾಲ, ಒಂಟಿತನ, ದೀರ್ಘಕಾಲದ ನೋವು ಇವೆಲ್ಲ ಸೇರಿಕೊಳ್ಳುತ್ತವೆ.

ಇವುಗಳ ಜೊತೆಗೆ ರಕ್ತಪರೀಕ್ಷೆಯಲ್ಲಿ ಸಿಗುವ ಕಾರಣಗಳೂ ಇವೆ. ಥೈರಾಯ್ಡ್ ಕಡಿಮೆಯಾದರೆ ಥೇಟ್ ಖಿನ್ನತೆಯ ಹಾಗೇ ಕಾಣುತ್ತದೆ. ರಕ್ತಹೀನತೆಯೂ ಹಾಗೆ. ಮಾಂಸ-ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್ಫಾರ್ಮಿನ್ ತಗೊಂಡವರಲ್ಲಿ ಇನ್ನೂ ಹೆಚ್ಚು. ಆದ್ದರಿಂದ ಥೈರಾಯ್ಡ್ ನೋಡುವ ಟಿಎಸ್‌ಎಚ್, ಹಿಮೋಗ್ಲೋಬಿನ್, ಬಿ12, ಸಕ್ಕರೆ, ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ) ಇಷ್ಟನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು. ಅಸ್ತಮಾಗೋ ಕೀಲುನೋವಿಗೋ ಕೊಟ್ಟ ಸ್ಟೀರಾಯ್ಡ್ ಮಾತ್ರೆ ಉನ್ಮಾದವನ್ನೂ ತರಬಹುದು, ಖಿನ್ನತೆಯನ್ನೂ ತರಬಹುದು. ದಿನಾ ಕುಡಿಯುವವರ ಖಿನ್ನತೆ ಬಹಳ ಸಲ ಕುಡಿತ ಬಿಟ್ಟು ಎರಡರಿಂದ ನಾಲ್ಕು ವಾರಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಆದರೆ ಭಾರಿ ಕುಡಿಯುವವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು, ಫಿಟ್ಸ್ ಬರಬಹುದು, ಮತಿ ಕಲಕಬಹುದು. ಡಾಕ್ಟರ ನಿಗಾದಲ್ಲೇ ಬಿಡಬೇಕು.

ಸಾದಾ ಖಿನ್ನತೆಯ ಚಿಕಿತ್ಸೆ ಸೋಲುವುದಕ್ಕೆ ದೊಡ್ಡ ಕಾರಣ ಅವಸರ. ಎಸ್ಸಿಟಾಲೊಪ್ರಾಂ ಅಥವಾ ಸರ್ಟ್ರಾಲಿನ್‌ನ ಮೊದಲ ಹತ್ತು ದಿನ ವಾಕರಿಕೆ, ತಲೆನೋವು, ಒಂಥರಾ ಗಾಬರಿ ಇರಬಹುದು. ಊಟವಾದ ಮೇಲೆ ತಗೊಂಡರೆ ವಾಕರಿಕೆ ಕಡಿಮೆ. ಈ ಹೊತ್ತಿಗೆ ಉಪದ್ರವ ಮಾತ್ರ ಕಾಣುತ್ತದೆ, ಉಪಯೋಗ ಕಾಣುವುದಿಲ್ಲ. ಬಹಳ ಜನ ಮಾತ್ರೆ ಬಿಡುವುದು ಇಲ್ಲೇ. ಎರಡನೇ ವಾರದಿಂದ ನಿದ್ದೆ, ಹಸಿವು ಸುಧಾರಿಸಲು ಶುರುವಾಗುತ್ತವೆ, ಮನಸ್ಸು ಹಗುರಾಗುವುದು ಅದಾದ ಮೇಲೆ. ಸರಿಯಾದ ಪ್ರಮಾಣದಲ್ಲಿ ನಾಲ್ಕು ವಾರ ತಗೊಂಡೂ ಏನೇನೂ ವ್ಯತ್ಯಾಸ ಇಲ್ಲದಿದ್ದರೆ ಡಾಕ್ಟರು ಪ್ರಮಾಣ ಏರಿಸುತ್ತಾರೆ ಅಥವಾ ಮಾತ್ರೆ ಬದಲಿಸುತ್ತಾರೆ. 25ರೊಳಗಿನವರಲ್ಲಿ ಮೊದಲ ಕೆಲವು ವಾರ ಸಾಯುವ ಯೋಚನೆ ಹೆಚ್ಚಾಗಬಹುದು, ಮನೆಯವರು ಹತ್ತಿರವೇ ಇರಬೇಕು. ವಯಸ್ಸಾದವರಲ್ಲಿ ಸೋಡಿಯಂ ಇಳಿದು ಮಂಕು ಕವಿಯಬಹುದು; ಅಜ್ಜಿ ಇದ್ದಕ್ಕಿದ್ದ ಹಾಗೆ ತಡವರಿಸತೊಡಗಿದರೆ ವಯಸ್ಸಾಯಿತು ಎಂದು ಸುಮ್ಮನಾಗದೆ ರಕ್ತದ ಸೋಡಿಯಂ ನೋಡಿಸಿ. ಲೈಂಗಿಕ ಆಸಕ್ತಿ ಕುಗ್ಗುವುದು ಸಾಮಾನ್ಯ ಅಡ್ಡಪರಿಣಾಮ. ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಸುಮ್ಮನೆ ಮಾತ್ರೆ ನಿಲ್ಲಿಸುತ್ತಾರೆ. ಹೇಳಿದರೆ ಬೇರೆ ಮಾತ್ರೆ ಇದೆ.

ಎರಡನೇ ತಪ್ಪು, ಗುಣವಾದ ಕೂಡಲೇ ನಿಲ್ಲಿಸುವುದು. ಪೂರ್ತಿ ಸರಿಹೋದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಮತ್ತೆ ಮತ್ತೆ ಬಂದಿದ್ದರೆ ಎರಡು ವರ್ಷವಾದರೂ ಬೇಕಾಗಬಹುದು. ನಿಲ್ಲಿಸುವಾಗ ವಾರಗಟ್ಟಲೆ ಸಮಯ ತಗೊಂಡು ಇಳಿಸಬೇಕು. ದಿಢೀರ್ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುವುದುಂಟು. ಇದನ್ನು ‘ಮಾತ್ರೆಯ ಚಟ’ ಎಂದು ಜನ ಹೆದರುತ್ತಾರೆ. ಚಟ ಹಿಡಿಸುವುದು ಅಲ್ಪ್ರಜೋಲಾಂ, ಕ್ಲೊನಜೆಪಾಂನಂಥ ನಿದ್ದೆ-ಗಾಬರಿಯ ಮಾತ್ರೆಗಳು. ಅವು ಎರಡರಿಂದ ನಾಲ್ಕು ವಾರಕ್ಕೆ ಸಾಕು. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ವರ್ಷಗಟ್ಟಲೆ ಕೊಳ್ಳುವುದು ನಿಲ್ಲಬೇಕು.

ಸೌಮ್ಯ ಖಿನ್ನತೆಗೆ ಮಾತ್ರೆಯೇ ಬೇಕೆಂದಿಲ್ಲ, ಸಿಬಿಟಿಯಂಥ ಮಾತಿನ ಚಿಕಿತ್ಸೆ ಸಾಕಾಗಬಹುದು. ವಾರಕ್ಕೊಂದರಂತೆ ಹನ್ನೆರಡರಿಂದ ಹದಿನಾರು ಭೇಟಿ, ಪ್ರತಿ ಸಲ ಮನೆಯಲ್ಲಿ ಮಾಡಿಕೊಂಡು ಬರಲು ಅಭ್ಯಾಸ. ಬರೀ ಸಮಾಧಾನ ಹೇಳಿ ಕಳಿಸುವುದು ಸಿಬಿಟಿ ಅಲ್ಲ. ಅದರಲ್ಲೇ ಸುಲಭದ ಭಾಗ: ಮನಸ್ಸು ಬರಲಿ ಎಂದು ಕಾಯದೆ, ದಿನದ ಹೊತ್ತು ಗೊತ್ತುಮಾಡಿ ಸಣ್ಣ ಕೆಲಸ ಹಾಕಿಕೊಳ್ಳುವುದು. ಏಳು ಗಂಟೆಗೆ ಪಾರ್ಕಿನಲ್ಲಿ ಹತ್ತು ನಿಮಿಷ ನಡಿಗೆ, ಹನ್ನೊಂದಕ್ಕೆ ಸ್ನಾನ, ಸಂಜೆ ಒಬ್ಬರಿಗೆ ಫೋನು. ಮಾಡುವ ಮುಂಚೆ ಮತ್ತು ಮಾಡಿದ ಮೇಲೆ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಬರೆದಿಡಬೇಕು. ಖಿನ್ನತೆ ‘ಏನು ಮಾಡಿದರೂ ಅಷ್ಟೇ’ ಎನ್ನುತ್ತಿರುತ್ತದೆ, ಹಾಳೆಯ ಮೇಲಿನ ಅಂಕ ಹಾಗೆ ಹೇಳುವುದಿಲ್ಲ.

ಬೈಪೋಲಾರ್ ಎಂದು ಖಚಿತವಾದರೆ ದಾರಿಯೇ ಬೇರೆ. ಇಲ್ಲಿ ಲಿಥಿಯಂ ಎಂಬ ಔಷಧಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ ಎನ್ನುವುದು ನಮ್ಮ ಖಚಿತ ಅಭಿಪ್ರಾಯ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಇದು ಕೆಲಸ ಮಾಡುತ್ತದೆ ಎಂದು ತೋರಿಸಿದರು. ಕಾಯಿಲೆ ಮರುಕಳಿಸುವುದನ್ನು ತಡೆಯುವುದರಲ್ಲಿ, ಆತ್ಮಹತ್ಯೆ ತಗ್ಗಿಸುವುದರಲ್ಲಿ ಇದಕ್ಕೆ ಸಮನಾದದ್ದು ಈಗಲೂ ಕಡಿಮೆ. ಬೆಲೆಯೂ ಕಡಿಮೆ. ಕಷ್ಟ ಇರುವುದು ಒಂದೇ: ಕೆಲಸ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಜಾಗ ಬಹಳ ಕಿರಿದು. ರಕ್ತದಲ್ಲಿ ಸಾಧಾರಣವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರಬೇಕು, ಉನ್ಮಾದ ಜೋರಾಗಿದ್ದಾಗ 1.0ರವರೆಗೆ. 1.5 ದಾಟಿದರೆ ವಿಷ.

ಪರೀಕ್ಷೆ ಸರಿಯಾಗಿ ಆಗದಿದ್ದರೆ ಈ ಅಂಕಿಗೆ ಅರ್ಥವೇ ಇಲ್ಲ. ರಾತ್ರಿ ಒಂಬತ್ತಕ್ಕೆ ಮಾತ್ರೆ ತಗೊಂಡಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಡಬೇಕು, ಹನ್ನೆರಡು ಗಂಟೆ ಕಳೆದಿರಬೇಕು. ಬೆಳಗಿನ ಮಾತ್ರೆ ಇದ್ದರೆ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿ. ತಿಂಡಿ ತಿನ್ನಬಹುದು. ಹಸಿರು ಮುಚ್ಚಳದ ಟ್ಯೂಬುಗಳಲ್ಲಿ ಕೆಲವಕ್ಕೆ ರಕ್ತ ಹೆಪ್ಪುಗಟ್ಟದಿರಲು ಲಿಥಿಯಂ ಹೆಪಾರಿನ್ ಹಾಕಿರುತ್ತಾರೆ. ಅದರಲ್ಲಿ ರಕ್ತ ತೆಗೆದರೆ ರಿಪೋರ್ಟಿನಲ್ಲಿ ಲಿಥಿಯಂ ಸುಳ್ಳೇ ಜಾಸ್ತಿ ಬರುತ್ತದೆ. ಲ್ಯಾಬಿನವರಿಗೆ ‘ಇದು ಲಿಥಿಯಂ ಟೆಸ್ಟು’ ಎಂದು ಬಾಯಿಬಿಟ್ಟು ಹೇಳಿ. ಪ್ರಮಾಣ ಬದಲಿಸಿದ ಐದರಿಂದ ಏಳು ದಿನಕ್ಕೆ ಒಮ್ಮೆ, ಆಮೇಲೆ ಸ್ಥಿರವಾದ ಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ. ಆರು ತಿಂಗಳಿಗೊಮ್ಮೆ ಟಿಎಸ್‌ಎಚ್, ಕ್ರಿಯಾಟಿನಿನ್, ಕ್ಯಾಲ್ಸಿಯಂ ಕೂಡ. ಲಿಥಿಯಂ ಥೈರಾಯ್ಡನ್ನು ಇಳಿಸಬಲ್ಲದು. ‘ಖಿನ್ನತೆ ಮತ್ತೆ ಬಂತು’ ಎಂದುಕೊಂಡದ್ದು ಕೆಲವು ಸಲ ಅದೇ ಆಗಿರುತ್ತದೆ.

ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುತ್ತದೆ. ಹಾಗಾಗಿ ನಿರ್ಜಲ ಏಕಾದಶಿಯಾಗಲಿ ರಂಜಾನ್ ಉಪವಾಸವಾಗಲಿ ಡಾಕ್ಟರನ್ನು ಕೇಳದೆ ಬೇಡ. ಬಿಪಿಗೆಂದು ಒಮ್ಮೆಲೇ ಉಪ್ಪು ಬಿಡುವುದೂ ಬೇಡ. ಬಾಣಂತಿಗೆ ನೀರು ಕೊಡಬಾರದು ಎನ್ನುವ ಹಳೇ ಪದ್ಧತಿ ಲಿಥಿಯಂ ತಗೊಳ್ಳುವ ಬಾಣಂತಿಗೆ ನೇರ ಅಪಾಯ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನೋವಿನ ಮಾತ್ರೆ ಬೇಡ, ಪ್ಯಾರಾಸಿಟಮಾಲ್ ಆಗಬಹುದು. ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಹೈಡ್ರೊಕ್ಲೋರೊಥಯಜೈಡ್ ಇರುವ ಬಿಪಿ ಮಾತ್ರೆಗಳೂ ಲಿಥಿಯಂ ಏರಿಸುತ್ತವೆ, ಬಿಪಿ ಡಾಕ್ಟರಿಗೆ ಮೊದಲೇ ತಿಳಿಸಿ. ಬೆರಳ ತುದಿಯ ಸಣ್ಣ ನಡುಕ ಸಾಮಾನ್ಯ. ಲೋಟ ಹಿಡಿಯಲಾಗದಷ್ಟು ಕೈ ಅಲುಗುವುದು, ವಾಂತಿ-ಭೇದಿ, ಮಾತು ತೊದಲುವುದು, ನಡೆಯುವಾಗ ಓಲಾಡುವುದು ವಿಷದ ಲಕ್ಷಣ. ಮುಂದಿನ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಉಳಿದ ಔಷಧಗಳ ಬಗ್ಗೆ ಎರಡು ಎಚ್ಚರಿಕೆ. ವಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿನ ಬೆನ್ನುಹುರಿ, ಬುದ್ಧಿ ಬೆಳವಣಿಗೆಗೆ ಹಾನಿ ಮಾಡುತ್ತದೆ, ಮಗು ಆಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಆದಷ್ಟೂ ಬೇಡ. ಲ್ಯಾಮೊಟ್ರಿಜಿನ್ 25 ಮಿಲಿಗ್ರಾಂನಿಂದ ಶುರುಮಾಡಿ ಎರಡೆರಡು ವಾರಕ್ಕೊಮ್ಮೆ ಮೆಲ್ಲಗೆ ಏರಿಸಬೇಕು. ಅವಸರಪಟ್ಟರೆ ಪ್ರಾಣಕ್ಕೇ ಸಂಚಕಾರ ತರುವ ಚರ್ಮದ ಗುಳ್ಳೆ ಏಳಬಹುದು. ಐದಾರು ದಿನ ಬಿಟ್ಟುಹೋಗಿದ್ದರೆ ಹಳೇ ಪ್ರಮಾಣಕ್ಕೆ ನೇರ ಹೋಗದೆ ಡಾಕ್ಟರನ್ನು ಕೇಳಿ.

ಮಾತ್ರೆಯಷ್ಟೇ ಮುಖ್ಯ ನಿದ್ದೆ. ಒಂದೇ ರಾತ್ರಿಯ ನಿದ್ದೆಗೆಟ್ಟರೂ ಬೈಪೋಲಾರ್ ಇರುವವರಲ್ಲಿ ಉನ್ಮಾದ ಶುರುವಾಗಬಹುದು. ವಾರವಾರ ಬದಲಾಗುವ ಶಿಫ್ಟು ಇವರಿಗೆ ಆಗಿಬರುವುದಿಲ್ಲ, ಹಗಲು ಪಾಳಿಗೆ ಡಾಕ್ಟರ ಪತ್ರ ಕೊಟ್ಟು ಕೇಳಬೇಕು. ಶಿವರಾತ್ರಿಯಲ್ಲಿ ಮೊದಲ ಯಾಮದ ಪೂಜೆ ನೋಡಿ ಮಲಗಲಿ, ಜಾಗರಣೆ ಮನೆಯ ಬೇರೆಯವರು ಮಾಡಲಿ. ಬೆಳಗಿನ ಜಾವದ ಮುಹೂರ್ತವಿದ್ದರೆ ಛತ್ರದ ಗದ್ದಲದಲ್ಲಿ ಉಳಿಯುವ ಬದಲು ಹತ್ತಿರದಲ್ಲೇ ಬೇರೆ ರೂಮು ಮಾಡಿಕೊಡಿ. ಎರಡು ರಾತ್ರಿ ಸತತ ನಿದ್ದೆ ಇಳಿದು ಹುರುಪು ಏರಿದರೆ ಡಾಕ್ಟರಿಗೆ ಫೋನ್ ಮಾಡಲು ಅಷ್ಟೇ ಸಾಕು.

ಇಸಿಟಿ, ಅಂದರೆ ಮೆದುಳಿಗೆ ಕರೆಂಟ್ ಕೊಡುವ ಚಿಕಿತ್ಸೆ, ಎಂದರೆ ಜನ ನಡುಗುತ್ತಾರೆ. ಊಟ ನೀರು ಬಿಟ್ಟ ತೀವ್ರ ಖಿನ್ನತೆಗೆ, ತಡೆಯಲಾಗದ ಆತ್ಮಹತ್ಯೆಯ ಒತ್ತಡಕ್ಕೆ ಇದರಷ್ಟು ಬೇಗ ಕೆಲಸ ಮಾಡುವ ಚಿಕಿತ್ಸೆ ಅಪರೂಪ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಸಾಮಾನ್ಯವಾಗಿ ಆರರಿಂದ ಹನ್ನೆರಡು ಸಲ, ವಾರಕ್ಕೆ ಎರಡು ಮೂರರಂತೆ. ಆ ವಾರಗಳ ನೆನಪು ಮಸುಕಾಗಬಹುದು.

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಬೆಂಗಳೂರಿನಲ್ಲಿ ಇರುವವರಿಗೆ ಅನುಕೂಲ ಉಂಟು. ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ, ಆಸ್ಪತ್ರೆಯ ವಾತಾವರಣ ಬೇಡವೆನ್ನುವವರಿಗೆ ಬಿಟಿಎಂ ಲೇಔಟಿನಲ್ಲಿ ಅದರದ್ದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಊರಿನಲ್ಲಿರುವ ಅಪ್ಪ-ಅಮ್ಮನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ: ‘ಸಾಯ್ಬೇಕು ಅನ್ಸುತ್ತಾ? ಹೇಗೆ ಅಂತ ಯೋಚ್ನೆ ಮಾಡಿದ್ದೀಯಾ?’ ಕೇಳಿದ್ದರಿಂದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಮನೆಯ ಮಾತ್ರೆಗಳನ್ನೆಲ್ಲ, ಅಜ್ಜನ ಬಿಪಿ-ಶುಗರ್ ಮಾತ್ರೆಯನ್ನೂ ಸೇರಿಸಿ, ಬೀಗ ಹಾಕಿಡಿ. ರೋಗಿಯ ಮಾತ್ರೆಯನ್ನು ಒಂದು ವಾರಕ್ಕೆ ಆಗುವಷ್ಟು ಮಾತ್ರ ತಂದು ಮನೆಯ ಒಬ್ಬರು ಕೈಯಾರೆ ಕೊಡಿ. ಅವತ್ತೇ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ; ರಾತ್ರಿಯಾಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ನಿಮ್ಹಾನ್ಸ್‌ನ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಮಾತ್ರೆ ನುಂಗಿಬಿಟ್ಟಿದ್ದರೆ ಮಾತ್ರ ಮೊದಲು ಹತ್ತಿರದ ಜನರಲ್ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಖಾಲಿ ಸ್ಟ್ರಿಪ್‌ಗಳನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.